ಆರ್ಗ್ ಮೋಡ್: ಹೊಸ ಟಿಪ್ಪಣಿ ‘ಮೀನ್’ ಕೆಳಗೆ ಹೋಗದೆ ಫೈಲಿನ ತುದಿಗೆ ಹೋಗುತ್ತಿದೆ

ಪ್ರಶ್ನೆ, ಉಡುಪಿಯಿಂದ

ಎರಡು ದಿನದಿಂದ ಇದರಲ್ಲೇ ಒದ್ದಾಡ್ತಾ ಇದ್ದೇನೆ, ದಯವಿಟ್ಟು ನೋಡಿ. ಈಮ್ಯಾಕ್ಸ್ ಅನ್ನುವ ಬರಹದ ತಂತ್ರಾಂಶದಲ್ಲಿ, ಟಿಪ್ಪಣಿ ಇಡುವ ಆರ್ಗ್ ಮೋಡ್‌ನಲ್ಲಿ ತುಳು ಪದಗಳ ಒಂದು ಫೈಲ್ ಇಟ್ಟಿದ್ದೇನೆ. ಮಲ್ಪೆ ಬಂದರಿನಲ್ಲಿ ಕಿವಿಗೆ ಬಿದ್ದ ಪದವನ್ನು ಬರೆದುಕೊಂಡು, ಆಮೇಲೆ ಗೋವಿಂದ ಪೈ ಸಂಶೋಧನ ಕೇಂದ್ರದವರ ಆರು ಸಂಪುಟದ ತುಳು ನಿಘಂಟಿನಲ್ಲಿ ಹುಡುಕಿ ಅರ್ಥ ಸೇರಿಸುತ್ತೇನೆ. ಫೈಲಿನಲ್ಲಿ ಮೂರು ತಲೆಬರಹ: ಮೀನ್, ಕಡಲ್, ಬರ್ಸ (ಮಳೆ). ಇವನ್ನು ಮೊದಲು ಫೋನಿನಲ್ಲಿ ಟೈಪ್ ಮಾಡಿದ್ದು. ಈಗ ಲ್ಯಾಪ್‌ಟಾಪಿನಲ್ಲಿ ಕ್ಯಾಪ್ಚರ್ ಟೆಂಪ್ಲೇಟ್ (ಹೊಸ ಟಿಪ್ಪಣಿಯನ್ನು ಹೇಳಿದ ಜಾಗಕ್ಕೆ ಸೇರಿಸುವ ಅಚ್ಚು) ಮಾಡಿ, ಜಾಗಕ್ಕೆ ‘ಫೈಲ್ ಪ್ಲಸ್ ಹೆಡ್‌ಲೈನ್’, ಅಂದರೆ ಫೈಲಿನ ಹೆಸರು ಮತ್ತು ತಲೆಬರಹದ ಹೆಸರು ಕೊಟ್ಟಿದ್ದೇನೆ. ಬರ್ಸ ಸರಿಯಾಗಿ ಹೋಗುತ್ತದೆ. ಮೀನ್, ಕಡಲ್ ಮಾತ್ರ ಫೈಲಿನ ಕೊನೆಗೆ ಹೋಗಿ ಕೂರುತ್ತವೆ, ಅಲ್ಲಿ ಅದೇ ಹೆಸರಿನ ಇನ್ನೊಂದು ತಲೆಬರಹ ತಾನಾಗಿ ಹುಟ್ಟಿಕೊಂಡಿದೆ!

ಉತ್ತರ

ಟೆಂಪ್ಲೇಟಿನಲ್ಲಿ ‘ಪ್ರಿಪೆಂಡ್’ ಹಾಕಿದ್ದೀರಾ? ಅದಿಲ್ಲದಿದ್ದರೆ ಹೊಸದು ಯಾವಾಗಲೂ ಕೆಳಗೇ ಸೇರುವುದು.

ಉತ್ತರ, ಮಂಗಳೂರಿನಿಂದ

ಪ್ರಿಪೆಂಡ್ ಹಾಕಿದರೆ ಆ ತಲೆಬರಹದ ಒಳಗೆ ಟಿಪ್ಪಣಿ ಮೇಲೆ ಬರುತ್ತದೆ ಅಷ್ಟೆ, ಯಾವ ತಲೆಬರಹ ಅನ್ನುವುದು ಬದಲಾಗುವುದಿಲ್ಲ. ಇಲ್ಲಿ ತೊಂದರೆ ಬೇರೆ. ಕೊಟ್ಟ ಹೆಸರು ಫೈಲಿನಲ್ಲಿ ಸಿಗದಿದ್ದರೆ ಆರ್ಗ್ ಕೊನೆಯಲ್ಲಿ ಅದೇ ಹೆಸರಿನ ಹೊಸ ತಲೆಬರಹ ಮಾಡಿಬಿಡುತ್ತದೆ, ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅಂದರೆ ನಿಮ್ಮ ಹಳೆಯ ‘ಮೀನ್’ ಅದಕ್ಕೆ ಸಿಗುತ್ತಿಲ್ಲ.

ಬರ್ಸ ಸರಿ, ಉಳಿದೆರಡು ತಪ್ಪು ಅಂದಿರಲ್ಲ, ಸುಳಿವು ಅಲ್ಲೇ ಇದೆ. ಮೀನ್, ಕಡಲ್ ಎರಡೂ ಅರ್ಧಾಕ್ಷರದಲ್ಲಿ ಮುಗಿಯುತ್ತವೆ. ಕೆಲವು ಕೀಬೋರ್ಡ್‌ಗಳು ಅಂಥ ಕಡೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ‘ಫೇಸ್‌ಬುಕ್’ ಅನ್ನುವಾಗ ಬ ಒತ್ತಕ್ಷರ ಆಗದಂತೆ ತಡೆಯುವುದು ಅದೇ. ಪದದ ನಡುವೆ ಇದ್ದರೆ ಗೊತ್ತಾಗುತ್ತದೆ, ತುದಿಯಲ್ಲಿ ಇದ್ದರೆ ಎಷ್ಟು ನೋಡಿದರೂ ಗೊತ್ತಾಗುವುದಿಲ್ಲ. ತುಳುವಿನಲ್ಲಿ ಹೀಗೆ ಮುಗಿಯುವ ಪದ ಜಾಸ್ತಿ, ಹಾಗಾಗಿ ನಮ್ಮ ಕಡೆಯವರಿಗೆ ಈ ಕಾಟವೂ ಜಾಸ್ತಿ.

ಹಳೆಯ ತಲೆಬರಹದ ಮೇಲೆ ನಿಂತು ಕಂಟ್ರೋಲ್ ಎಸ್ ಒತ್ತಿ, ಈಮ್ಯಾಕ್ಸ್‌ನಲ್ಲಿ ಅದು ಹುಡುಕಲು. ಆಮೇಲೆ ಕಂಟ್ರೋಲ್ ಎಕ್ಸ್, 8, ಎಂಟರ್. ಅಲ್ಲಿ 200ಸಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಮತ್ತೆ ಎಂಟರ್. ಸಿಕ್ಕಿದರೆ ಅಳಿಸಿ.

ಪ್ರಶ್ನೆ ಕೇಳಿದವರು

ಸಿಕ್ಕಿತು! ಎರಡರ ತುದಿಯಲ್ಲೂ ಇತ್ತು. ಆದರೆ ಫೋನಿನಲ್ಲಿ ನಾಳೆ ಮತ್ತೆ ಏನಾದರೂ ತಿದ್ದಿದರೆ ಪುನಃ ಇದೇ ಕಥೆ ಅಲ್ವಾ?

ಉತ್ತರ, ಮಂಗಳೂರಿನಿಂದ

ಹೌದು, ಅದಕ್ಕೇ ನಾನು ಕನ್ನಡ ಲಿಪಿಯ ಹೆಸರನ್ನು ನಂಬಿ ಜಾಗ ಕೊಡುವುದನ್ನೇ ಬಿಟ್ಟೆ. ಇದೊಂದೇ ಅಲ್ಲ, ‘ಬೇ’ಯ ದೀರ್ಘವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎರಡು ಚಿಹ್ನೆ ಸೇರಿಸಿಯೂ ಇಡಬಹುದು. ನೋಡಲು ಒಂದೇ, ಹುಡುಕುವಾಗ ಬೇರೆ ಬೇರೆ. ತಲೆಬರಹದ ಮೇಲೆ ನಿಂತು ‘ಆರ್ಗ್ ಐಡಿ ಗೆಟ್ ಕ್ರಿಯೇಟ್’ ಕಮಾಂಡ್ ಕೊಡಿ. ಅದರ ಕೆಳಗೆ ಒಂದು ಐಡಿ, ಅಂದರೆ ಆ ತಲೆಬರಹಕ್ಕೇ ಮೀಸಲಾದ ಗುರುತು, ಬರುತ್ತದೆ. ಟೆಂಪ್ಲೇಟಿನಲ್ಲಿ ಫೈಲ್ ಪ್ಲಸ್ ಹೆಡ್‌ಲೈನ್ ತೆಗೆದು ‘ಐಡಿ’ ಅಂತ ಹಾಕಿ ಆ ಉದ್ದದ ಗುರುತನ್ನು ಕೊಡಿ. ಆಮೇಲೆ ಹೆಸರನ್ನು ಏನು ಬೇಕಾದರೂ ಮಾಡಿಕೊಳ್ಳಿ, ಟಿಪ್ಪಣಿ ಅಲ್ಲಿಗೇ ಹೋಗುತ್ತದೆ. ಸುಮ್ನೆ ಟಿಪ್ಪಣಿ ಬರೆದು ಪರೀಕ್ಷೆ ಮಾಡುವುದು ಬೇಡ, ಮೊದಲು ಕಂಟ್ರೋಲ್ ಯು ಒತ್ತಿ ಕ್ಯಾಪ್ಚರ್ ಕರೆದು ಟೆಂಪ್ಲೇಟ್ ಆರಿಸಿದರೆ ನೇರ ಆ ಜಾಗಕ್ಕೇ ಕರೆದುಕೊಂಡು ಹೋಗುತ್ತದೆ.

ಕೊನೆಯಲ್ಲಿ ಬಿದ್ದಿರುವುದನ್ನು ರಿಫೈಲ್ ಮಾಡಿ ಮೇಲಿನ ‘ಮೀನ್’ಗೆ ತನ್ನಿ. ಪ್ರಿಪೆಂಡ್ ರಿಫೈಲ್‌ಗೆ ಲೆಕ್ಕಕ್ಕಿಲ್ಲ. ಅಲ್ಲೂ ಹೊಸದು ಮೇಲೆ ಬರಬೇಕಿದ್ದರೆ ‘ಆರ್ಗ್ ರಿವರ್ಸ್ ನೋಟ್ ಆರ್ಡರ್’ ಆನ್ ಮಾಡಬೇಕು.

ಪ್ರಶ್ನೆ ಕೇಳಿದವರು

ಮೂರಕ್ಕೂ ಐಡಿ ಹಾಕಿದೆ. ಬೂತಾಯಿ, ಬಂಗುಡೆ, ಕಾಣೆ ಎಲ್ಲ ಈಗ ಒಂದೇ ‘ಮೀನ್’ ಕೆಳಗೆ ಬಂದಿವೆ. ಎರಡನೇ ತಲೆಬರಹಗಳನ್ನು ಖಾಲಿ ಮಾಡಿ ಅಳಿಸಿದೆ. ತುಂಬಾ ಉಪಕಾರ ಆಯ್ತು.