ಫುಲ್ ಸಸ್ಪೆನ್ಷನ್ ಸೈಕಲ್ಲಿನ ಹಿಂದಿನ ಬ್ರೇಕ್ ಕೇಬಲ್ಲನ್ನು ಯಾವ ದಾರಿಯಲ್ಲಿ ಒಯ್ಯಬೇಕು? – ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ಸದಸ್ಯರೊಬ್ಬರಿಂದ): ನಮಸ್ಕಾರ ಸರ್. ನನ್ನ ಬಳಿ ಹಿಂಬದಿಯಲ್ಲಿ 120 ಮಿ.ಮೀ. ಸಸ್ಪೆನ್ಷನ್ ಇರುವ ಹಳೆಯ ಅಲ್ಯೂಮಿನಿಯಂ ಮೌಂಟನ್ ಬೈಕ್ ಇದೆ. ಅದರಲ್ಲಿದ್ದ ವಿ-ಬ್ರೇಕನ್ನು (ರಿಮ್ಮನ್ನು ಎರಡೂ ಕಡೆಯಿಂದ ಒತ್ತುವ ಬ್ರೇಕನ್ನು) ತೆಗೆಸಿ, ಅಂಗಡಿಯೊಂದರಲ್ಲಿ ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕ್ ಹಾಕಿಸಿದೆ. ಸ್ಟ್ಯಾಂಡಿನ ಮೇಲಿಟ್ಟಾಗ ಚಕ್ರ ಸರಾಗವಾಗಿ ತಿರುಗುತ್ತದೆ. ಆದರೆ ಅವಲಹಳ್ಳಿಯ ಕಾಡುದಾರಿಯಲ್ಲಿ ಗುಂಡಿಗೆ ಇಳಿದ ಕೂಡಲೇ ಹಿಂದಿನ ಬ್ರೇಕ್ ತಾನಾಗಿಯೇ ಹಿಡಿದುಕೊಂಡು ಬಿಡುತ್ತದೆ. ಕೇಬಲ್ ಟಾಪ್ ಟ್ಯೂಬಿನ (ಫ್ರೇಮಿನ ಮೇಲಿನ ಕೊಳವೆಯ) ಅಡಿಯಲ್ಲಿ ಬರಿಯ ತಂತಿಯಾಗಿ ಬಂದು, ಸೀಟ್ ಟ್ಯೂಬಿನ ಹತ್ತಿರದಿಂದ ಒಂದು ಚಿಕ್ಕ ಔಟರ್ (ತಂತಿಯ ಹೊರಕವಚ) ತುಂಡಿನೊಳಗೆ ಹಿಂದಿನ ಸೀಟ್ ಸ್ಟೇಗೆ (ಸೀಟಿನ ಕಡೆಯಿಂದ ಹಿಂಚಕ್ರಕ್ಕೆ ಇಳಿಯುವ ಕೊಳವೆಗೆ) ದಾಟುತ್ತದೆ. ಅಂಗಡಿಯವರು ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ) ಸಡಿಲಿಸಿಕೊಟ್ಟರು. ಈಗ ತಾನಾಗಿ ಹಿಡಿಯುವುದು ಕಡಿಮೆಯಾಗಿದೆ, ನಾನು ಹಿಡಿದರೂ ನಿಲ್ಲುವುದು ಕಡಿಮೆಯಾಗಿದೆ. ಏನು ಮಾಡಲಿ?

ಉತ್ತರ (ಸೈಕಲ್ ಮೆಕ್ಯಾನಿಕ್): ನಮಸ್ಕಾರ. ನೀವು ವಿವರಿಸಿದ ಲಕ್ಷಣವನ್ನು ನೋಡಿದರೆ ದೋಷ ಕ್ಯಾಲಿಪರಿನದಲ್ಲ, ಸೀಟ್ ಟ್ಯೂಬಿನ ಬಳಿ ದಾಟುವ ಆ ಚಿಕ್ಕ ಔಟರಿನದು. ಸಸ್ಪೆನ್ಷನ್ ಅದುಮಿದಾಗ ಮುಂದಿನ ಫ್ರೇಮಿನಲ್ಲಿರುವ ಕೇಬಲ್ ಸ್ಟಾಪಿಗೂ (ಔಟರಿನ ತುದಿ ಕೂರುವ ಕೊಂಡಿಗೂ) ಹಿಂದೆ ಸೀಟ್ ಸ್ಟೇ ಮೇಲಿರುವ ಸ್ಟಾಪಿಗೂ ನಡುವಿನ ಅಂತರ ಬದಲಾಗುತ್ತದೆ. ನಿಮ್ಮ ಫ್ರೇಮಿನಲ್ಲಿ ಅದು ಹೆಚ್ಚುತ್ತಿರಬೇಕು. ಔಟರ್ ಸಾಕಷ್ಟು ಉದ್ದವಿಲ್ಲದಿದ್ದರೆ ಅದು ಸ್ಟಾಪಿನಿಂದ ಎದ್ದು, ಒಳಗಿನ ತಂತಿಯನ್ನು ಲಿವರ್ ಒತ್ತಿದಷ್ಟೇ ಖಚಿತವಾಗಿ ಎಳೆಯುತ್ತದೆ. ಸ್ಟ್ಯಾಂಡಿನ ಮೇಲೆ ಸಸ್ಪೆನ್ಷನ್ ಪೂರ್ತಿ ಚಾಚಿಕೊಂಡಿರುವುದರಿಂದ ಅಲ್ಲಿ ಇದು ಕಾಣಿಸುವುದಿಲ್ಲ. ಕ್ಯಾಲಿಪರ್ ಸಡಿಲಿಸಿದರೆ ರೋಗದ ಗುರುತು ಮರೆಯಾಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ದಯವಿಟ್ಟು ಅದನ್ನು ಮೊದಲಿನ ಸ್ಥಿತಿಗೆ ತನ್ನಿ.

ನನ್ನ ಸಲಹೆ ಇದು: ಲಿವರಿನಿಂದ ಕ್ಯಾಲಿಪರಿನವರೆಗೆ ಎಲ್ಲಿಯೂ ಕಡಿಯದ ಒಂದೇ ಔಟರ್ ಹಾಕಿಸಿ, ಅದನ್ನು ಟಾಪ್ ಟ್ಯೂಬಿನ ಬದಲು ಡೌನ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಪೆಡಲಿನತ್ತ ಇಳಿಯುವ ಕೊಳವೆಯ) ಮೇಲೆ ಇಳಿಸಿ, ಮುಖ್ಯ ಪಿವಟ್ಟಿಗೆ (ಹಿಂಭಾಗ ತಿರುಗುವ ಕೀಲಿಗೆ) ಆದಷ್ಟು ಹತ್ತಿರದಲ್ಲಿ ಎಡಗಡೆಯಿಂದ ಚೈನ್ ಸ್ಟೇಗೆ (ಅಲ್ಲಿಂದ ಹಿಂಚಕ್ರಕ್ಕೆ ಹೋಗುವ ಕೆಳಗಿನ ಕೊಳವೆಗೆ) ದಾಟಿಸಿ. ಪಿವಟ್ಟಿನ ಹತ್ತಿರವೇ ಏಕೆಂಬುದಕ್ಕೆ ಲೆಕ್ಕವಿದೆ. ಪಿವಟ್ಟಿನಿಂದ ಹಿಂದಿನ ಆಕ್ಸಲ್‌ವರೆಗೆ ಸುಮಾರು 430 ಮಿ.ಮೀ. ಎಂದಿಟ್ಟುಕೊಂಡರೆ, ಚಕ್ರ 120 ಮಿ.ಮೀ. ಏರುವಾಗ ಚೈನ್ ಸ್ಟೇ ಸುಮಾರು 16 ಡಿಗ್ರಿ ತಿರುಗುತ್ತದೆ. ಅಷ್ಟೇ ತಿರುಗುವಿಕೆಗೆ ಪಿವಟ್ಟಿನಿಂದ 200 ಮಿ.ಮೀ. ದೂರದ ಬಿಂದು ಸುಮಾರು 56 ಮಿ.ಮೀ. ಸರಿದರೆ, 30 ಮಿ.ಮೀ. ದೂರದ ಬಿಂದು 8 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು ಮಾತ್ರ ಸರಿಯುತ್ತದೆ. ಬಾಗಿಲಿನ ತಿರುಗಣೆಯ ಪಕ್ಕ ಬೆರಳಿಟ್ಟು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೇಬಲ್ಲಿಗೆ ಬೇಕಾದ ಹೆಚ್ಚುವರಿ ಉದ್ದವನ್ನು ಆ ಜಾಗದಲ್ಲಿ ಒಂದು ಅಗಲವಾದ ಬಾಗಿನ ರೂಪದಲ್ಲಿ ಬಿಟ್ಟರೆ ಸಾಕು, ಉಳಿದೆಡೆ ಫ್ರೇಮಿಗೆ ಅಂಟಿದಂತೆ ಬಿಗಿದುಕೊಳ್ಳಬಹುದು. ಪಿವಟ್ಟಿನ ಹಿಂದೆ ಮುಂದೆ ಒಂದೊಂದು ಜಿಪ್ ಟೈ ಇರಲಿ, ಅವೆರಡರ ನಡುವೆ ಯಾವುದೂ ಬೇಡ. ಪಿವಟ್ಟಿನ ಮೇಲೆಯೇ ಕಟ್ಟಿದ ಜಿಪ್ ಟೈ ಔಟರನ್ನು ಪ್ರತಿ ಗುಂಡಿಗೂ ಒಂದೇ ಜಾಗದಲ್ಲಿ ಮಡಚುತ್ತದೆ.

ನಿಮ್ಮ ಫ್ರೇಮಿನ ಹಳೆಯ ಸ್ಟಾಪುಗಳು ತಂತಿಯನ್ನು ಮಾತ್ರ ಬಿಡುತ್ತವೆ, ಔಟರ್ ಅವುಗಳಲ್ಲಿ ಹಾಯುವುದಿಲ್ಲ. ಅವನ್ನು ಡ್ರಿಲ್ ಮಾಡಿ ದೊಡ್ಡದು ಮಾಡಲು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಔಟರನ್ನು ಫ್ರೇಮಿನ ಮೇಲೆ ಹಿಡಿದಿಡಲು ಅಂಟಿಸುವ ಗೈಡುಗಳೂ ಕ್ಲಿಪ್ಪುಗಳೂ ಸಿಗುತ್ತವೆ, ಏನೂ ಇಲ್ಲದಿದ್ದರೆ ಜಿಪ್ ಟೈ ಸಾಕು. ಔಟರ್ ಬ್ರೇಕಿನದೇ ಆಗಿರಬೇಕು. ಸಾಮಾನ್ಯವಾಗಿ ಬ್ರೇಕಿನ ಔಟರ್ 5 ಮಿ.ಮೀ. ದಪ್ಪವಿದ್ದು ಒಳಗೆ ಲೋಹದ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ. ಗೇರಿನ 4 ಮಿ.ಮೀ. ಔಟರಿನಲ್ಲಿ ಎಳೆಗಳು ಉದ್ದಕ್ಕೆ ಸಾಲಾಗಿರುವುದರಿಂದ ಬಲವಾಗಿ ಬ್ರೇಕ್ ಹಿಡಿದಾಗ ಅದು ಸೀಳಿಹೋಗಬಹುದು. ಇಷ್ಟು ಉದ್ದದ ಸುರುಳಿ ಔಟರ್ ಒತ್ತಡಕ್ಕೆ ತುಸು ಕುಗ್ಗಿ ಲಿವರ್ ಮೆತ್ತಗಾಗುತ್ತದೆಂಬುದು ನಿಜ. ಅದಕ್ಕೆಂದೇ ಬ್ರೇಕಿಗಾಗಿ ಮಾಡಿದ ಕುಗ್ಗದ ಔಟರ್ ಬರುತ್ತದೆ, ಆದರೆ ಅದು ಬಿರುಸು, ಪಿವಟ್ಟಿನ ಬಳಿ ಇನ್ನೂ ದೊಡ್ಡ ಬಾಗು ಕೇಳುತ್ತದೆ.

ಔಟರನ್ನು ಕತ್ತರಿಸುವ ಮೊದಲು ಒಂದು ಪರೀಕ್ಷೆಯನ್ನು ತಪ್ಪಿಸಬೇಡಿ. ಶಾಕಿನ ಗಾಳಿಯ ಒತ್ತಡವನ್ನು ಬರೆದಿಟ್ಟುಕೊಂಡು, ಗಾಳಿಯನ್ನು ನಿಧಾನವಾಗಿ ಇಳಿಸಿ, ಚಕ್ರವನ್ನು ಹಾಕಿಟ್ಟುಕೊಂಡೇ ಸಸ್ಪೆನ್ಷನ್ನನ್ನು ಕೊನೆಯವರೆಗೆ ಅದುಮಿ. ಆ ಸ್ಥಿತಿಯಲ್ಲಿ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಡಗಡೆಯ ಕ್ರ್ಯಾಂಕನ್ನೂ ಒಂದು ಸುತ್ತು ತಿರುಗಿಸಿ. ಔಟರ್ ಎಲ್ಲಿಯೂ ಬಿಗಿಯಾಗಬಾರದು, ಟೈರಿಗೂ ಕ್ರ್ಯಾಂಕಿಗೂ ತಾಗಬಾರದು, ಲಿಂಕುಗಳ ನಡುವೆ ಸಿಕ್ಕಿಕೊಳ್ಳಬಾರದು. ಪೂರ್ತಿ ಚಾಚಿದ ಸ್ಥಿತಿಯಲ್ಲಿಯೂ ಇದನ್ನೇ ನೋಡಿ. ಫ್ರೇಮಿಗೆ ಉಜ್ಜುವ ಜಾಗಗಳಲ್ಲಿ ಪಾರದರ್ಶಕ ರಕ್ಷಣಾ ಟೇಪ್ ಅಂಟಿಸಿ. ಮಣ್ಣು ಮೆತ್ತಿದ ಔಟರ್ ಬಣ್ಣವನ್ನಷ್ಟೇ ಅಲ್ಲ, ಅಲ್ಯೂಮಿನಿಯಮ್ಮನ್ನೂ ಸವೆಸುತ್ತದೆ.

ಮರುಪ್ರಶ್ನೆ (ಅದೇ ಸದಸ್ಯರಿಂದ): ವಿವರಕ್ಕೆ ಧನ್ಯವಾದಗಳು ಸರ್. ಡೌನ್ ಟ್ಯೂಬಿನ ಮೇಲೆ ಇಳಿಸಿದರೆ ಮಳೆಗಾಲದ ಕೆಸರು ಹೆಚ್ಚು ಬೀಳುವುದಿಲ್ಲವೇ? ಮಳೆ ಬಿಟ್ಟ ಮೇಲೆ ಸಕಲೇಶಪುರದ ಕಡೆಗೂ ಒಯ್ಯುವ ಆಲೋಚನೆಯಿದೆ.

ಉತ್ತರ: ಬೀಳುತ್ತದೆ. ಆದರೆ ಬರಿಯ ತಂತಿಗೆ ಹತ್ತುವ ಕೆಸರಿಗಿಂತ ಔಟರಿನ ಮೇಲೆ ಹತ್ತುವ ಕೆಸರು ಎಷ್ಟೋ ನಿರುಪದ್ರವಿ. ನಿಜವಾದ ತೊಂದರೆ ಬೇರೆ: ಲಿವರಿನ ಕಡೆಯಿಂದ ಒಳಗಿಳಿದ ನೀರು ಬಾಟಮ್ ಬ್ರ್ಯಾಕೆಟ್ಟಿನ (ಪೆಡಲಿನ ಅಚ್ಚು ಕೂರುವ ಜಾಗದ) ಬಳಿ, ಅಂದರೆ ಕೇಬಲ್ ದಾರಿಯ ತಗ್ಗಿನಲ್ಲಿ, ನಿಂತು ತಂತಿಗೆ ತುಕ್ಕು ಹಿಡಿಸುತ್ತದೆ. ಮಳೆಗಾಲ ಮುಗಿದ ಮೇಲೆ ಒಳಗಿನ ತಂತಿಯನ್ನು ಎಳೆದು ನೋಡಿ. ತುಕ್ಕಿದ್ದರೆ ಒರೆಸಿ ಮತ್ತೆ ಹಾಕುವುದಕ್ಕಿಂತ ಔಟರನ್ನೂ ತಂತಿಯನ್ನೂ ಒಟ್ಟಿಗೆ ಬದಲಿಸುವುದೇ ಮೇಲು, ಅವೇನೂ ದುಬಾರಿಯಲ್ಲ. ಕೇಬಲ್ಲನ್ನು ಬಾಟಮ್ ಬ್ರ್ಯಾಕೆಟ್ಟಿನ ಅಡಿಯಿಂದ ಮಾತ್ರ ಒಯ್ಯಬೇಡಿ, ಕಲ್ಲು ಮೊದಲು ತಾಗುವ ಜಾಗ ಅದು.

ಪ್ರಶ್ನೆ (ಅಮೆರಿಕದಿಂದ ಮರಳಿದ ಸದಸ್ಯರೊಬ್ಬರಿಂದ): ನಾನು ಅಲ್ಲಿಂದ ತಂದ ಗಾಡಿಯಲ್ಲಿ ಹಿಂದಿನ ಹೈಡ್ರಾಲಿಕ್ ಬ್ರೇಕ್ ಬಲಗೈಯ ಲಿವರಿನಲ್ಲಿದೆ. ಇಲ್ಲಿಯ ರೂಢಿಯಂತೆ ಅದನ್ನು ಎಡಗೈಗೆ ತರಬೇಕು. ಹೋಸ್ (ಬ್ರೇಕಿನ ದ್ರವವಿರುವ ಕೊಳವೆ) ಫ್ರೇಮಿನ ಒಳಗಿನಿಂದ ಹೋಗುತ್ತದೆ. ಸಸ್ಪೆನ್ಷನ್ ಆಡುವಾಗ ಡೌನ್ ಟ್ಯೂಬಿನೊಳಗೆ ಟಕಟಕ ಸದ್ದೂ ಇದೆ.

ಉತ್ತರ: ಬಲಗೈ ಲಿವರಿನಿಂದ ಬರುವ ಹೋಸ್ ಹೆಡ್ ಟ್ಯೂಬಿನ (ಹ್ಯಾಂಡಲ್ ಕೂರುವ ಮುಂದಿನ ಕೊಳವೆಯ) ಎದುರು ಅಗಲವಾಗಿ ಬಾಗಿ ಫ್ರೇಮಿನ ಎಡಗಡೆಯ ತೂತನ್ನು ಸೇರುವಂತೆ ಹಲವು ಗಾಡಿಗಳನ್ನು ರೂಪಿಸಿರುತ್ತಾರೆ. ಅದೇ ಹೋಸನ್ನು ಎಡಗೈ ಲಿವರಿಗೆ ತಂದರೆ ಬಾಗು ಗಿಡ್ಡವಾಗಿ, ಹ್ಯಾಂಡಲ್ ತಿರುಗಿಸಿದಾಗ ತೂತಿನ ಅಂಚಿನಲ್ಲಿ ಮುರಿದಂತೆ ಮಡಚುತ್ತದೆ. ನಿಮ್ಮ ಫ್ರೇಮಿನಲ್ಲಿ ಬಲಗಡೆಯೂ ತೂತಿದ್ದರೆ ಹೋಸನ್ನು ಅಲ್ಲಿಂದ ಒಳಗೆ ಬಿಡಿ, ಟ್ಯೂಬಿನೊಳಗೆ ಅದು ಎಡಕ್ಕೆ ದಾಟಲಿ. ಹೋಸನ್ನು ಲಿವರಿನ ಕಡೆಯೇ ಬಿಚ್ಚಿ, ಉದ್ದ ಕಡಿಮೆ ಮಾಡುವುದಿದ್ದರೆ ಮೇಲೆ ಹೇಳಿದ ಪರೀಕ್ಷೆಯಾದ ಮೇಲೆ ಅಲ್ಲಿಯೇ ಕತ್ತರಿಸಿ. ತುದಿಯ ಆಲಿವ್ (ಹೋಸಿನ ಮೇಲೆ ಕೂರುವ ಲೋಹದ ಉಂಗುರ) ಮತ್ತು ಬಾರ್ಬ್ (ಹೋಸಿನೊಳಗೆ ಕೂರುವ ಚಿಕ್ಕ ತುಂಡು) ಹೊಸತೇ ಆಗಿರಲಿ, ಒಮ್ಮೆ ಒತ್ತಿ ಕೂತ ಹಳೆಯವನ್ನು ಮತ್ತೆ ಬಳಸಬೇಡಿ. ಬಿಚ್ಚಿದ ಮೇಲೆ ಬ್ಲೀಡ್ ಮಾಡಬೇಕಾಗುತ್ತದೆ, ಅಂದರೆ ಒಳಗೆ ಸೇರಿದ ಗಾಳಿಯನ್ನು ಹೊರಹಾಕಬೇಕಾಗುತ್ತದೆ. ಶಿಮಾನೊ ಬ್ರೇಕಾದರೆ ಮಿನರಲ್ ಆಯಿಲ್, ಬೇರೆ ಕೆಲವಕ್ಕೆ ಡಾಟ್ (DOT) ಎಂಬ ಬ್ರೇಕ್ ದ್ರವ. ಒಂದರ ಜಾಗಕ್ಕೆ ಇನ್ನೊಂದನ್ನು ಸುರಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ, ಆದ್ದರಿಂದ ಲಿವರಿನ ಮುಚ್ಚಳದ ಮೇಲೆ ಬರೆದದ್ದನ್ನು ಓದಿಯೇ ಬಾಟಲಿ ತೆರೆಯಿರಿ.

ಸದ್ದಿಗೆ ಎರಡು ಕಾರಣಗಳಿರಬಹುದು. ಹೋಸ್ ಟ್ಯೂಬಿನ ಗೋಡೆಗೆ ಬಡಿಯುತ್ತಿದ್ದರೆ ಅದಕ್ಕೆ ತೊಡಿಸುವ ಫೋಮ್ ಕೊಳವೆ ಸಿಗುತ್ತದೆ. ಹೇಗಿದ್ದರೂ ಹೋಸನ್ನು ಬಿಚ್ಚಲೇಬೇಕಾಗಿರುವುದರಿಂದ ಆಗಲೇ ತೊಡಿಸಿಕೊಳ್ಳಿ. ಎರಡನೆಯದು ಹೆಚ್ಚು ಗಮನಿಸಬೇಕಾದದ್ದು. ಪಿವಟ್ಟಿನ ಬಳಿ ಹೋಸ್ ಹೊರಬರುವ ಜಾಗದಲ್ಲಿ ಹಿಡಿತ ಸಡಿಲವಾಗಿದ್ದರೆ, ಅಲ್ಲಿ ಬಿಟ್ಟ ಹೆಚ್ಚುವರಿ ಉದ್ದ ಪ್ರತಿ ಅದುಮಿಗೂ ಸ್ವಲ್ಪಸ್ವಲ್ಪವೇ ಫ್ರೇಮಿನೊಳಕ್ಕೆ ಸರಿದು ಹ್ಯಾಂಡಲಿನ ಮುಂದೆ ಉಬ್ಬಿಕೊಳ್ಳುತ್ತದೆ, ಹಿಂದೆ ಹೋಸ್ ಬಿಗಿಯಾಗುತ್ತಾ ಹೋಗುತ್ತದೆ. ಹೊರಬರುವ ಜಾಗದಲ್ಲಿ ಹೋಸಿಗೆ ಟೇಪಿನ ಗುರುತು ಹಾಕಿ ಒಂದು ಸುತ್ತು ಓಡಿಸಿ ಬನ್ನಿ. ಗುರುತು ಒಳಗೆ ಸರಿದಿದ್ದರೆ ಅಲ್ಲಿಯ ಕ್ಲ್ಯಾಂಪನ್ನೋ ರಬ್ಬರ್ ಬುಶ್ಶನ್ನೋ ಬದಲಿಸಬೇಕು. ಕ್ಲ್ಯಾಂಪಿನ ವ್ಯವಸ್ಥೆಯೇ ಇಲ್ಲದ ಫ್ರೇಮಾದರೆ, ಹೋಸ್ ಹೊರಬಂದ ಕೂಡಲೇ ಅದರ ಮೇಲೆ ಒಂದು ಜಿಪ್ ಟೈ ಬಿಗಿದು, ಅದರ ಗಂಟು ತೂತಿನ ಅಂಚಿಗೆ ತಡೆಯಾಗುವಂತೆ ತಿರುಗಿಸಿಡಿ. ಹೋಸ್ ಚಪ್ಪಟೆಯಾಗುವಷ್ಟು ಬಿಗಿಯಬೇಡಿ.