ದಾವಣಗೆರೆ ಸಣ್ಣ ಉದ್ಯಮ ಬಳಗ: ಪೇಟೆಂಟ್ ಸಲಹೆಗಾರರನ್ನು ಕೇಳಿ

ಹದಡಿ ರಸ್ತೆ: ನಮಸ್ಕಾರ ಸರ್. ಬೋರ್‌ವೆಲ್ ಮೋಟರನ್ನು ಫೋನಿನಿಂದಲೇ ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಮಾಡಿ ಮಾರುತ್ತೇವೆ. ಆರು ವರ್ಷವಾಯಿತು. ಈಗ ಒಬ್ಬರು ನಮ್ಮದನ್ನೇ ನಕಲು ಮಾಡಿ ಅರ್ಧ ಬೆಲೆಗೆ ಕೊಡುತ್ತಿದ್ದಾರೆ. ಪೇಟೆಂಟ್ ಮಾಡಿಸಿ ತಡೆಯಬಹುದಾ?

ಸಲಹೆಗಾರರು: ಆರು ವರ್ಷ ಮಾರಿದ ಮೇಲೆ ಅದು ಹೊಸತಲ್ಲ. ಪೇಟೆಂಟ್ ಸಿಗುವುದಿಲ್ಲ. ನನಗೆ ಚಿಂತೆ ಬೇರೆ. ಒಳಗಿನ ಮೋಡೆಮ್ 2ಜಿಯದ್ದಾ?

ಹದಡಿ ರಸ್ತೆ: ಹೌದು ಸರ್. ಜಿಯೊ ಸಿಮ್ ಹಾಕಿದರೆ ನಡೆಯಲ್ಲ ಅಂತ ವಾಪಸ್ ತರುತ್ತಿದ್ದಾರೆ.

ಸಲಹೆಗಾರರು: ಅಲ್ಲೇ ಇದೆ ನೋಡಿ. ಜಿಯೊದಲ್ಲಿ 2ಜಿ ಇಲ್ಲವೇ ಇಲ್ಲ. ನಕಲು ಮಾಡಿದ್ದೂ ನಾಳೆ ವಾಪಸ್ ಬರುತ್ತದೆ. ಇದಕ್ಕಿಂತ ದೊಡ್ಡದು ಸೋಲಾರ್. 2019ರಲ್ಲಿ ರೈತರ ಸೋಲಾರ್ ಪಂಪಿಗೆ ಸರ್ಕಾರ ನೆರವು ಕೊಡುವ ಕುಸುಮ್ ಯೋಜನೆ ಬಂತು. ಸೋಲಾರ್ ಪಂಪಿನ ಕಂಟ್ರೋಲರೇ ಮೋಟರ್ ಚಾಲೂ ಮಾಡುತ್ತದೆ, ಬಿಸಿಲು ನೋಡಿ ವೇಗ ಹೊಂದಿಸುತ್ತದೆ. ಅಲ್ಲಿ ನಿಮ್ಮ ಸ್ಟಾರ್ಟರ್‌ಗೆ ಕೆಲಸವಿಲ್ಲ. ವಾಚಿನ ಕಥೆಯೂ ಹೀಗೇ: 1984ರಲ್ಲಿ ಟೈಟನ್ ಶುರುವಾಗುವ ಮೊದಲೇ ಎಚ್‌ಎಂಟಿ ಬ್ಯಾಟರಿಯಲ್ಲಿ ನಡೆಯುವ ಕ್ವಾರ್ಟ್ಜ್ ವಾಚು ಮಾಡಿತ್ತು. ಆದರೂ ಕೀಲಿ ಕೊಡುವ ವಾಚನ್ನೇ ಜಾಸ್ತಿ ನೆಚ್ಚಿಕೊಂಡಿತು. ಟೈಟನ್ ಕ್ವಾರ್ಟ್ಜನ್ನೇ ಗಟ್ಟಿಯಾಗಿ ಹಿಡಿಯಿತು, ಡಿಸೈನಿಗೆ ದುಡ್ಡು ಹಾಕಿತು, ತನ್ನದೇ ಶೋರೂಮು ತೆರೆಯಿತು, ಮುಂದೆ ಹೋಯಿತು. ನಿಮ್ಮ ಹತ್ತಿರ ಆರು ವರ್ಷದ ರಿಪೇರಿ ಲೆಕ್ಕ ಇದೆ. ಯಾವ ಊರಲ್ಲಿ ವೋಲ್ಟೇಜ್ ಬೀಳುತ್ತದೆ, ಯಾವ ಬೋರ್ ಒಣಗಿ ಮೋಟರ್ ಸುಡುತ್ತದೆ, ಎಲ್ಲ ಗೊತ್ತು. ಅದನ್ನು ಯಾರೂ ನಕಲು ಮಾಡಲಾರರು. 4ಜಿ ಮೋಡೆಮ್ ಹಾಕಿ. ಹಳೆ ಗಿರಾಕಿಗಳಿಗೆ ಬೋರ್ಡ್ ಮಾತ್ರ ಬದಲಿಸಿಕೊಡಿ. ಸೋಲಾರ್ ಕಂಟ್ರೋಲರ್ ಬಿಚ್ಚಿ ಕಲಿಯಿರಿ. ಹೊಸದೇನಾದರೂ ಹೊಳೆದರೆ, ಮಾರುವ ಮೊದಲೇ ಅರ್ಜಿ ಹಾಕಿ.

ಹರಿಹರ: ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಈಗ ಸಾಲ ಮಾಡಬಹುದಾ ಸರ್?

ನಿಟುವಳ್ಳಿ: ಬಂದ ಮೆಸೇಜ್: ಡ್ರಾಯಿಂಗನ್ನು ನಿಮಗೇ ರಿಜಿಸ್ಟರ್ಡ್ ಪೋಸ್ಟ್ ಮಾಡಿಕೊಂಡು ಕವರ್ ಒಡೆಯದೆ ಇಟ್ಟರೆ ಅದೇ ಪೇಟೆಂಟ್. ಎಲ್ಲರಿಗೂ ಕಳಿಸಿ.

ಸಲಹೆಗಾರರು: ಕಳಿಸಬೇಡಿ! ಆ ಕವರಿನಿಂದ ಯಾವ ಹಕ್ಕೂ ಬರುವುದಿಲ್ಲ. ಮೊದಲು ಅರ್ಜಿ ಹಾಕಿದವರಿಗೇ ಹಕ್ಕು. ಇದನ್ನು ನಂಬಿ ಕೂತರೆ ಇನ್ನೊಬ್ಬರು ಮುಂದೆ ಹೋಗಿರುತ್ತಾರೆ. ಮೂರನೇ ಸಲ ಹೇಳುತ್ತಿದ್ದೇನೆ.

ವಿದ್ಯಾನಗರ: ನಮ್ಮ ಡೆಲಿವರಿ ಆ್ಯಪ್‌ಗೆ ಪೇಟೆಂಟ್ ಸಿಗುತ್ತಾ?

ಸಲಹೆಗಾರರು: ಬರೀ ಸಾಫ್ಟ್‌ವೇರ್‌ಗೆ ಇಲ್ಲ. ಹೋದ ವಾರವೇ ಹೇಳಿದ್ದೆ.

ಚನ್ನಗಿರಿ ತೋಟ: ಹದಡಿ ರಸ್ತೆ ಅಣ್ಣ, ರಾತ್ರಿ ಎರಡಕ್ಕೆ ತ್ರೀ ಫೇಸ್ ಕರೆಂಟ್ ಬಂದರೆ ನಿಮ್ಮದು ಮೆಸೇಜೇ ಕೊಡಲ್ಲ. ಅರ್ಧ ಬೆಲೆಯದು ಕೊಡುತ್ತದೆ.

ಹದಡಿ ರಸ್ತೆ: ನಿಮ್ಮಲ್ಲಿ ಸಿಗ್ನಲ್ ಇಲ್ಲ.

ಚನ್ನಗಿರಿ ತೋಟ: ಪಕ್ಕದ ತೋಟಕ್ಕೂ ಅದೇ ಟವರ್ ಅಲ್ವಾ? ಸುಮ್ನೆ ಸಿಗ್ನಲ್ ಮೇಲೆ ಹಾಕಬೇಡಿ.

ಹದಡಿ ರಸ್ತೆ: ಮೋಟರ್ ಸುಟ್ಟ ದಿನ ಅವರನ್ನೇ ಕರೆಯಿರಿ ಹಾಗಾದರೆ.

ಸಲಹೆಗಾರರು: ಸಾಕು ಇಬ್ಬರೂ. ಹದಡಿ ರಸ್ತೆಯವರೇ, ಇಂಥ ದೂರು ದುಡ್ಡು ಕೊಟ್ಟರೂ ಸಿಗಲ್ಲ. ನಾಳೆಯೇ ಆ ತೋಟಕ್ಕೆ ಹೋಗಿ, ಎರಡೂ ಸ್ಟಾರ್ಟರ್ ಪಕ್ಕಪಕ್ಕ ಇಟ್ಟು ರಾತ್ರಿ ಕಾಯಿರಿ.

ಹರಿಹರ: ಸರ್, ಸಿಎನ್‌ಸಿ ಸಾಲದ ಬಗ್ಗೆ ಕೇಳಿದ್ದೆ.