ಗೋಡೆಗೆ ಹಾಕೋಕೆ ಯಾವ ಎಲ್‌ಪಿ ಕವರ್ ತಗೊಳ್ಲಿ?

ಹಾಲ್‌ನಲ್ಲಿ ಮೂರು ಫ್ರೇಮಿಗೆ ಜಾಗ ಇದೆ. ರಾಕ್ ಒಂದು, ಪಂಕ್ ಒಂದು, ಹಿಪ್‌ಹಾಪ್ ಒಂದು ಹಾಕ್ಬೇಕು ಅಂತ. ಬರೀ ನೋಡೋಕೆ ಚೆನ್ನಾಗಿದ್ರೆ ಸಾಲ್ದು, ಹಾಡೂ ಕೇಳೋ ಹಂಗಿರ್ಬೇಕು. ಕಲೆಕ್ಷನ್ ಇರೋರು ಹೇಳಿ ಪ್ಲೀಸ್.

— ಪಂಕ್‌ಗೆ ಯೋಚ್ನೆನೇ ಬೇಡ, ದಿ ಕ್ಲ್ಯಾಶ್‌ನ ಲಂಡನ್ ಕಾಲಿಂಗ್. 1979ರಲ್ಲಿ ನ್ಯೂಯಾರ್ಕಿನ ಪಲೇಡಿಯಂ ಹಾಲ್‌ನಲ್ಲಿ ಬ್ಯಾಂಡ್‌ನ ಪಾಲ್ ಸಿಮೊನನ್ ಬಾಸ್ ಗಿಟಾರ್ ನೆಲಕ್ಕೆ ಬಡಿತಿರೋ ಫೋಟೋ, ತೆಗ್ದಿದ್ದು ಪೆನ್ನಿ ಸ್ಮಿತ್, ಫೋಕಸ್ ಸರಿಯಿಲ್ಲ ಇದು ಬೇಡ ಅಂತ ಅವ್ರೇ ಅಂದಿದ್ರಂತೆ, ಸದ್ಯ ಬ್ಯಾಂಡ್‌ನೋರು ಕೇಳ್ಲಿಲ್ಲ. ಮುಖ ಸರಿಯಾಗಿ ಕಾಣೋದೂ ಇಲ್ಲ, ಬಗ್ಗಿದ ಬೆನ್ನು, ಅಗಲಿಸಿದ ಕಾಲು, ಅಷ್ಟೇ, ಆದ್ರೂ ಸಿಟ್ಟೆಲ್ಲಾ ಅಲ್ಲೇ ಇದೆ. ಪಿಂಕ್, ಹಸಿರು ಅಕ್ಷರಗಳು ಎಲ್ವಿಸ್‌ನ 1956ರ ಮೊದಲ ಆಲ್ಬಮ್ ನೋಡಿ ಬೇಕಂತ್ಲೇ ಮಾಡಿದ್ದು. ಹಾಡಲ್ಲಿ ರೆಗ್ಗೆ, ಸ್ಕಾ ಅಂತ ಜಮೈಕಾ ಶೈಲಿ ಎಲ್ಲಾ ಸಿಗುತ್ತೆ, ಬೋರ್ ಆಗಲ್ಲ.

— ಜಾಯ್ ಡಿವಿಷನ್ ಬ್ಯಾಂಡ್‌ನ ಅನ್‌ನೋನ್ ಪ್ಲೆಷರ್ಸ್ ಯಾರೂ ಹೇಳ್ಬೇಡಿ ಪ್ಲೀಸ್ 😀 ಪಲ್ಸಾರ್ ಅನ್ನೋ ನಕ್ಷತ್ರದ ರೇಡಿಯೋ ಸಿಗ್ನಲ್ ಗೆರೆಗಳ ಆ ಕವರ್ ಅದ್ಭುತನೇ, ಆದ್ರೆ ಟೀಶರ್ಟ್ ಮೇಲೆ ನೋಡಿ ನೋಡಿ ಸಾಕಾಗಿದೆ. ಹಿಪ್‌ಹಾಪ್‌ಗೆ ನಾಸ್‌ನ ಇಲ್‌ಮ್ಯಾಟಿಕ್ (1994) ತಗೊಳ್ಳಿ. ಕವರ್‌ನಲ್ಲಿರೋದು ಏಳು ವರ್ಷದ ಹುಡುಗ ನಾಸ್, ಅವ್ನು ಬೆಳೆದ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ಕಟ್ಟಡಗಳು ಅವ್ನ ಮುಖದೊಳಗೇ ಬೆರೆತುಹೋಗಿವೆ. ಆ ಹಳೇ ಫೋಟೋ ತೆಗ್ದಿದ್ದು ಅವ್ರಪ್ಪ ಓಲು ದಾರಾ, ಮೂರನೇ ಟ್ರ್ಯಾಕ್‌ನ ಕೊನೆಲಿ ಕಾರ್ನೆಟ್ (ಟ್ರಂಪೆಟ್ ಥರದ ವಾದ್ಯ) ನುಡಿಸಿರೋದೂ ಅವ್ರೇ, ಅದನ್ನ ಕೇಳ್ತಾ ಕವರ್ ನೋಡಿ ಒಂದ್ಸಲ. ಇಡೀ ಆಲ್ಬಮ್ ನಲವತ್ತು ನಿಮಿಷದೊಳಗೆ ಮುಗಿಯುತ್ತೆ, ಒಂದು ಹಾಡೂ ಸ್ಕಿಪ್ ಮಾಡ್ಬೇಕು ಅನ್ಸಲ್ಲ.

— ರಾಕ್‌ಗೆ ಎಲ್ರೂ ರೋಲಿಂಗ್ ಸ್ಟೋನ್ಸ್‌ನ ಸ್ಟಿಕಿ ಫಿಂಗರ್ಸ್ (1971) ಅಂತಾರೆ, ನಿಜವಾದ ಜಿಪ್ ಇರೋ ಕವರ್. ನೋಡೋಕೆ ಮಜಾ, ಆದ್ರೆ ಒಂದರ ಮೇಲೊಂದು ಜೋಡಿಸಿ ಸಾಗಿಸೋವಾಗ ಜಿಪ್ ಒತ್ತಿ ರೆಕಾರ್ಡ್‌ಗೇ ಏಟು ಬೀಳ್ತಿತ್ತು, ಕೊನೆಗೆ ಜಿಪ್ಪನ್ನ ಅರ್ಧ ಕೆಳಗೆ ಎಳೆದು ಕಳಿಸೋಕೆ ಶುರು ಮಾಡಿದ್ರು, ಒತ್ತಿದ್ರೂ ನಡುವಿನ ಲೇಬಲ್‌ಗೆ ಒತ್ಲಿ ಅಂತ. ನನ್ನ ಓಟು ಪಿಂಕ್ ಫ್ಲಾಯ್ಡ್‌ನ ಡಾರ್ಕ್ ಸೈಡ್ ಆಫ್ ದಿ ಮೂನ್‌ಗೆ, 1973. ಮಾಮೂಲಿ ಅಂತೀರಾ, ಅನ್ನಿ. ಕವರ್‌ನಲ್ಲಿ ತ್ರಿಕೋನದ ಗಾಜಿಂದ ಹೊರಗೆ ಬರೋ ಕಾಮನಬಿಲ್ಲಿನ ಬಣ್ಣದ ಪಟ್ಟಿ ಎಣಿಸಿ, ಏಳಲ್ಲ, ಆರೇ ಇವೆ. ಕವರ್ ಬಿಚ್ಚಿದ್ರೆ ಅದೇ ಪಟ್ಟಿ ಒಳಗೂ ಮುಂದುವರಿಯುತ್ತೆ, ಅದ್ರಲ್ಲೊಂದು ಗೆರೆ ಎದೆಬಡಿತದ ಗ್ರಾಫ್ ಆಗುತ್ತೆ, ಹಾಡುಗಳೂ ಎದೆಬಡಿತದ ಸದ್ದಲ್ಲೇ ಶುರುವಾಗೋದು. ಹಂಗಾಗಿ ಬಿಚ್ಚಿದ ಕವರ್ ಹಿಡಿಯೋ ಅಗಲದ ಫ್ರೇಮ್ ಮಾಡ್ಸಿ.

— ಒರಿಜಿನಲ್ ಪ್ರೆಸ್ಸಿಂಗ್‌ಗೆ (ಮೊದಲ ಸಲ ಬಂದ ಪ್ರತಿ) ದುಡ್ಡು ಸುರೀಬೇಡಿ, ಆಮೇಲೆ ಮತ್ತೆ ಅಚ್ಚಾದ ರೀಇಶ್ಯೂ ಸಾಕು. ಬಿಸಿಲು ಬೀಳೋ ಗೋಡೆ ಬೇಡ, ಬಣ್ಣ ಹೋಗುತ್ತೆ. ರೆಕಾರ್ಡ್ ತೆಗ್ದು ಬೇರೆ ಸ್ಲೀವ್‌ನಲ್ಲಿ ನೆಟ್ಟಗೆ ನಿಲ್ಸಿಡಿ, ಫ್ರೇಮೊಳಗೇ ಬಿಟ್ರೆ ಕೇಳೋದೇ ನಿಂತೋಗುತ್ತೆ.